ಅಯ್ನೋರ ನೇಲ್ ಕಟರ್

ಮೊನ್ನೆ ಪಾವಗಡದ ಬಸ್ಸಿನಲ್ಲಿ ಟಿಕೆಟ್ಟಿಗೆ ಚಿಲ್ಲರೆ ತೆಗೆಯಲು ಜುಬ್ಬದ ಜೇಬಿಗೆ ಕೈ ಹಾಕಿ, ನೋಡದೆಯೇ ಕಂಡಕ್ಟರ್ ಹುಡುಗಿಯ ಅಂಗೈಗೆ ಇಟ್ಟೆ. ಅವಳು ಅದನ್ನು ನೋಡಿದಳು, ನನ್ನ ಹಣೆಯ ವಿಭೂತಿಯನ್ನು ನೋಡಿದಳು, ಮತ್ತೆ ಅಂಗೈ ನೋಡಿಕೊಂಡು, “ತಾತ, ಇದು ಓಡಲ್ಲ” ಎಂದಳು. ನಾನು ಕೊಟ್ಟಿದ್ದು ನೇಲ್ ಕಟರ್. ಹಿಂದಿನ ಸೀಟಿನವರೆಲ್ಲ ನಕ್ಕರು. ನಾನೂ ನಕ್ಕೆ, ನಗದೆ ಇನ್ನೇನು ಮಾಡುವುದು.

ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ನಾನು ವಾರಕ್ಕೆ ನಾಲ್ಕು ದಿನ ಕಂಡವರ ಕಾಲುಗುರು ಕತ್ತರಿಸುತ್ತೇನೆ. ಸಂಬಳವಿಲ್ಲ, ಬೋರ್ಡಿಲ್ಲ, ಸಂಘವಿಲ್ಲ, ಮುಖ್ಯವಾಗಿ ಉದ್ಘಾಟನೆ ಆಗಿಲ್ಲ. ಕಟರು ಮಧುಗಿರಿ ಬಸ್ ಸ್ಟ್ಯಾಂಡಿನ ಎದುರು ತಳ್ಳುಗಾಡಿಯಲ್ಲಿ ಕೊಂಡದ್ದು. ಅದರಲ್ಲಿ ಬಾಟಲಿ ಮುಚ್ಚಳ ತೆಗೆಯುವ ಕೊಕ್ಕೆಯೂ ಇದೆ. ಜಂಗಮರ ಮನೆಯಲ್ಲಿ ಹುಟ್ಟಿದ ನನಗೆ ಅದರ ಉಪಯೋಗವಿಲ್ಲ. ಇದ್ದರೂ ಇಲ್ಲಿ ಬರೆಯುವುದಿಲ್ಲ.

ನಮ್ಮ ಮನೆಯಲ್ಲಿ ಉಗುರು ಕತ್ತರಿಸುವುದೆಂದರೆ ಮದುವೆಗೆ ಮುಹೂರ್ತ ಹುಡುಕಿದ ಹಾಗೆ. ಸೋಮವಾರ ಈಶ್ವರನ ವಾರ, ಕೂಡದು. ಮಂಗಳವಾರ, ಶುಕ್ರವಾರ ಲಕ್ಷ್ಮಿಯ ವಾರ, ಕೂಡಲೇಕೂಡದು. ಶನಿವಾರದ ಮಾತೇ ಬೇಡ, ಆ ಮಹಾನುಭಾವನ ತಂಟೆಗೆ ಯಾರು ಹೋಗುತ್ತಾರೆ? ಅಮಾವಾಸ್ಯೆ, ಹುಣ್ಣಿಮೆ, ಹುಟ್ಟಿದ ದಿನ, ದೀಪ ಹಚ್ಚಿದ ಮೇಲೆ, ಎಲ್ಲ ನಿಷೇಧ. ಉಳಿದ ದಿನ ಅಮ್ಮ ಅಪ್ಪನ ಹಳೇ ಬ್ಲೇಡನ್ನು ಅರ್ಧಕ್ಕೆ ಮುರಿದು, ನನ್ನನ್ನು ಅಂಗಳದಲ್ಲಿ ಕೂರಿಸಿಕೊಂಡು, ತೊಡೆಯ ನಡುವೆ ಕಾಲು ಸಿಕ್ಕಿಸಿಕೊಂಡು ಕೆಲಸಕ್ಕೆ ಇಳಿಯುತ್ತಿದ್ದಳು. ತುಂಡು ಮನೆಯೊಳಗೆ ಬಿದ್ದರೆ ಜಗಳವಾಗುತ್ತದಂತೆ. ನಮ್ಮ ಮನೆಯಲ್ಲಿ ದಿನಾ ಜಗಳವಾಗುತ್ತಿತ್ತು. ಅಮ್ಮ ನನ್ನ ಉಗುರನ್ನೇ ದೂರುತ್ತಿದ್ದಳು, ಅಪ್ಪನ ಬಾಯನ್ನು ದೂರಲಿಲ್ಲ.

ಆದರೆ ಆ ಕಾಲುಗಳಿಗೆ ಊರಲ್ಲಿ ಬೇರೆಯೇ ಮರ್ಯಾದೆ ಇತ್ತು. ಅಯ್ನೋರ ಪಾದ ಅಲ್ಲವೇ! ಎಂಟು ವರ್ಷದವನಿದ್ದಾಗ ಹುಲಿಕುಂಟೆಯ ಒಬ್ಬ ಭಕ್ತರ ಮನೆಯಲ್ಲಿ ಪಾದಪೂಜೆಗೆ ಅಪ್ಪ ಹೋಗಬೇಕಿತ್ತು. ಅಪ್ಪನಿಗೆ ಜ್ವರ. ನನ್ನನ್ನೇ ಕಳಿಸಿದರು. ನಾನೋ ದಾರಿಯುದ್ದಕ್ಕೂ ಸಗಣಿ, ಕೆಸರು ಯಾವುದನ್ನೂ ಬಿಡದೆ ತುಳಿದುಕೊಂಡು ಹೋಗಿದ್ದೆ. ಅಲ್ಲಿ ಮಣೆಯ ಮೇಲೆ ಕೂರಿಸಿ, ನನ್ನ ತಾತನ ವಯಸ್ಸಿನ ಯಜಮಾನರು ತಟ್ಟೆಯಲ್ಲಿ ನನ್ನ ಕಾಲಿಟ್ಟು ತೊಳೆಯತೊಡಗಿದರು. ಕಚಗುಳಿ ತಡೆಯಲಾರದೆ ನಾನು ಕಿಸಕ್ಕೆಂದು ನಕ್ಕೆ. “ಬಾಲಸ್ವಾಮಿಗೆ ಸಂತೋಷ ಆಯ್ತು” ಎಂದು ಮನೆಯವರೆಲ್ಲ ಕೈಮುಗಿದರು. ಕೊನೆಗೆ ಆ ನೀರನ್ನು ತೀರ್ಥವೆಂದು ಕುಡಿದರು. ಯಾರಿಗೂ ಏನೂ ಆಗಲಿಲ್ಲ. ಅದು ಪಾದದ ಮಹಿಮೆಯೋ ಹುಲಿಕುಂಟೆಯವರ ಹೊಟ್ಟೆಯ ಮಹಿಮೆಯೋ ನನಗೆ ಇಂದಿಗೂ ಗೊತ್ತಿಲ್ಲ.

ದೊಡ್ಡವನಾದ ಮೇಲೆ ಪೂಜೆ ಮಾಡಿಸಿಕೊಳ್ಳುವ ಕಸುಬು ಬಿಟ್ಟು ಸರ್ಕಾರಿ ಸರ್ವೇಯರ್ ಆದೆ. ಕೊರಟಗೆರೆಯಿಂದ ಪಾವಗಡದವರೆಗೆ ಸರಪಳಿ ಎಳೆಸಿಕೊಂಡು ಅಳೆದೆ. ಯಾವ ಹೊಲದ ಬದು ಎಲ್ಲಿ ತಿರುಗುತ್ತದೆ, ಯಾವ ಕಲ್ಲನ್ನು ಯಾರು ಕಿತ್ತು ನಾಲ್ಕು ಅಡಿ ಆಚೆ ನೆಟ್ಟಿದ್ದಾರೆ, ಎಲ್ಲ ನನಗೆ ಬಾಯಿಪಾಠ. ಕಣ್ಣು ಸದಾ ನೆಲದ ಮೇಲೇ ಇರುತ್ತಿತ್ತು ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆ.

ಮದುವೆಯಾದ ಮೇಲೆ ಪಾದಪೂಜೆ ಮನೆಯಲ್ಲೇ ಮುಂದುವರಿಯಿತು. ಭೀಮನ ಅಮಾವಾಸ್ಯೆಯ ದಿನ ನನ್ನ ಹೆಂಡತಿ ಸರ್ವಮಂಗಳ ನನ್ನನ್ನು ಕುರ್ಚಿಯ ಮೇಲೆ ಕೂರಿಸಿ, ಕಾಲು ತೊಳೆದು, ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು ನಮಸ್ಕಾರ ಮಾಡುತ್ತಿದ್ದಳು. ಮೂವತ್ತಮೂರು ವರ್ಷ ಮಾಡಿದಳು. ನಾನು ಮೂವತ್ತಮೂರು ವರ್ಷವೂ ಪೇಪರ್ ಓದುತ್ತಾ ಕೂತಿದ್ದೆ. ಒಂದು ಸಲ ನೀರು ತಣ್ಣಗಿದೆ ಎಂದು ರೇಗಿದ್ದೂ ಉಂಟು. ಕೊನೆಯ ಸಲ ಅವಳು ಏಳುವಾಗ ಕುರ್ಚಿಯ ಕೈ ಹಿಡಿದು, ಒಂದು ಕಾಲಿನ ಮೇಲೇ ಭಾರ ಹಾಕಿ ಎದ್ದಳು. “ವಯಸ್ಸಾಯ್ತು ಕಣೆ ನಿನಗೆ” ಎಂದು ನಕ್ಕು ಪೇಪರಿನ ಪುಟ ತಿರುಗಿಸಿದೆ.

ಅವಳಿಗೆ ಸಕ್ಕರೆ ಕಾಯಿಲೆ ಇತ್ತು. ಹೆಬ್ಬೆರಳಿನ ಉಗುರು ಒಳಕ್ಕೆ ಬೆಳೆದು ಮಾಂಸಕ್ಕೆ ಚುಚ್ಚಿ ಗಾಯವಾಗಿತ್ತು. ಮೇಲೆ ಅರಿಶಿನ ಮೆತ್ತಿಕೊಂಡು, ಸೀರೆಯ ನೆರಿಗೆ ಇಳಿಬಿಟ್ಟುಕೊಂಡು ಓಡಾಡುತ್ತಿದ್ದಳು. ವಾಸನೆ ಬಂದ ಮೇಲೆ ನನಗೆ ತಿಳಿಯಿತು. ಆಸ್ಪತ್ರೆಯಲ್ಲಿ, “ಯಾವ ಕಾಲು ಸಾರ್, ಬಲಗಾಲಾ ಎಡಗಾಲಾ?” ಎಂದು ಚೀಟಿ ಬರೆಯುವವರು ಕೇಳಿದರು. ನಾಲ್ಕು ತಾಲ್ಲೂಕಿನ ಬದು ಬಲ್ಲ ನಾನು ಬೆಬ್ಬೆಬ್ಬೆ ಎಂದೆ. ನಂಜು ರಕ್ತಕ್ಕೆ ಏರಿತ್ತು. ಹನ್ನೊಂದು ದಿನಕ್ಕೆ ಹೋದಳು.

ಆಮೇಲೆ ಎಂಟು ತಿಂಗಳು ನಾನು ಮನೆಯಿಂದ ಹೊರಗೆ ಬರಲಿಲ್ಲ. ದುಃಖ ಎಂದರೆ ಮರ್ಯಾದೆಯ ಮಾತಾಯಿತು. ನನ್ನದು ದುಃಖಕ್ಕಿಂತ ಹೆಚ್ಚಾಗಿ ನಾಚಿಕೆ. ನಾನೇ ಅವಳನ್ನು ಕೊಂದೆ ಎಂದು ಗೋಡೆಗೆ ಹೇಳಿಕೊಳ್ಳುತ್ತಿದ್ದೆ. ಬಂದವರೆಲ್ಲ ಮದ್ದು ಹೇಳಿದರು. ಒಬ್ಬರು ಯೋಗ ಎಂದರು. ಒಬ್ಬರು ನಗೆಕೂಟಕ್ಕೆ ಕರೆದರು, ಬೆಳಿಗ್ಗೆ ಆರಕ್ಕೆ ಪಾರ್ಕಿನಲ್ಲಿ ನಿಂತು ಹತ್ತು ಮುದುಕರು ಹೋ ಹೋ ಎನ್ನುವುದು. ಕೊರಟಗೆರೆಯಲ್ಲಿರುವ ನನ್ನ ಅಕ್ಕ ಗೌರಕ್ಕ ಕಾಶಿಗೆ ಹೋಗೆಂದಳು. ಪೆನ್ಷನ್‌ದಾರರ ವಾಟ್ಸಾಪ್ ಗುಂಪಿನಲ್ಲಿ ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಪಕ್ಕದಲ್ಲಿ “ಪರರಿಗೆ ಒಳಿತು ಮಾಡಿ, ನಿಮ್ಮ ನೋವು ಮರೆಯಿರಿ” ಎಂದು ಬರುತ್ತಿತ್ತು. ಅದೇ ಗುಂಪಿನವರು ಆಸ್ಪತ್ರೆಗೆ ಹೋಗಿ ಹಣ್ಣು ಹಂಚಿದ ಫೋಟೋವನ್ನೂ ಹಾಕಿದ್ದರು. ಒಂದು ಬಾಳೆಹಣ್ಣು, ಅದನ್ನು ಹಿಡಿದ ಆರು ಕೈ, ಮಧ್ಯೆ ಹಣ್ಣಿಗೂ ಫೋಟೋಗೂ ಸಂಬಂಧವಿಲ್ಲದಂತೆ ನೋಡುತ್ತಿರುವ ರೋಗಿ. ಆ ದಿನವೇ ಗುಂಪು ಬಿಟ್ಟೆ. ಒಳಿತು ಮಾಡುವವರನ್ನು ಕಂಡರೆ ಬಾಗಿಲು ಹಾಕಿಕೊಳ್ಳಬೇಕು ಅನ್ನಿಸುತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಸೊಪ್ಪಿನ ಹನುಮಕ್ಕ ನಮ್ಮ ಜಗಲಿಯ ಮೇಲೆ ಕೂತು ಸುಧಾರಿಸಿಕೊಳ್ಳುತ್ತಿದ್ದಳು. ಇಪ್ಪತ್ತು ವರ್ಷದಿಂದ ನಮ್ಮ ಬೀದಿಗೆ ಸೊಪ್ಪು ತರುವ ಮುದುಕಿ. ಕಂತೆ ಸಣ್ಣದಾಯಿತೆಂದು ಮಂಗಳನ ಹತ್ತಿರ ದಿನಾ ಬೈಸಿಕೊಂಡು, ದಿನಾ ಕಾಫಿ ಕುಡಿದು ಹೋಗುತ್ತಿದ್ದವಳು. ನಾನು ಬಾಗಿಲು ತೆರೆದೆ. ಅವಳ ಕಾಲು ಕಣ್ಣಿಗೆ ಬಿತ್ತು. ಉಗುರುಗಳು ಕುಡುಗೋಲಿನ ಹಾಗೆ ಬಾಗಿ, ಒಂದಂತೂ ಪಕ್ಕದ ಬೆರಳಿಗೇ ನೆಟ್ಟುಕೊಂಡಿತ್ತು.

“ಇದೇನಮ್ಮ ಹನುಮಕ್ಕ, ನಿನ್ನ ಕಾಲು?” ಎಂದೆ.

“ಏನ್ ಮಾಡಾದು ಸೋಮಿ. ಬಗ್ಗಿದ್ರೆ ಸ್ವಂಟ ಹಿಡ್ಕಂತದೆ, ಕಣ್ಣೂ ಕಾಣಕ್ಕಿಲ್ಲ. ಸೊಸೆನ ಹಿಟ್ಟಿಕ್ಕು ಅಂತ ಕೇಳ್ಬೋದು, ನೀರ್ ಕಾಯ್ಸು ಅಂತ ಕೇಳ್ಬೋದು. ಕಾಲುಗುರು ಕತ್ರಿಸು ಅಂತ ಹೆಂಗ್ ಕೇಳಾದು, ನೀವೇ ಯೋಳಿ?”

ನಾನು ಒಳಗೆ ಹೋಗಿ ನೇಲ್ ಕಟರ್ ತಂದು, ಮೆಟ್ಟಿಲ ಮೇಲೆ ಕೂತು ಅವಳ ಪಾದ ಹಿಡಿದುಕೊಂಡೆ. ಹಾವು ಮೆಟ್ಟಿದವಳ ಹಾಗೆ ಚೀರಿಕೊಂಡಳು.

“ಬುಡಿ ಸೋಮಿ, ಬುಡಿ! ಅಯ್ನೋರು ನೀವು ನನ್ ಕಾಲ್ ಹಿಡಿಯಾದಾ? ಏಳೇಳು ಜನ್ಮಕ್ಕೂ ನರಕದಾಗೆ ಕೊಳೀತೀನಿ!”

ಬೀದಿಯ ಬಾಗಿಲುಗಳೆಲ್ಲ ತೆರೆದುಕೊಂಡವು. ನಾನು ಕಾಲು ಬಿಡಲಿಲ್ಲ, ಅವಳು ಕಿರುಚುವುದನ್ನು ಬಿಡಲಿಲ್ಲ. ಕೊನೆಗೆ ಅವಳೇ ಒಂದು ರಾಜಿ ಸೂತ್ರ ಹುಡುಕಿದಳು. “ಅಂಗಾದ್ರೆ ಮೊದ್ಲು ನಾನು ನಿಮ್ ಕಾಲಿಗೆ ಅಡ್ಬೀಳ್ತೀನಿ. ಆಮ್ಯಾಕೆ ನೀವು ನನ್ ಕಾಲ್ ಹಿಡ್ಕಳಿ. ಅಲ್ಲಿಗೆ ಸರೋಯ್ತದೆ.”

ಸರಿ, ಆದರೆ ಬಗ್ಗಲಾರದವಳು ಅಡ್ಡ ಬೀಳುವುದು ಹೇಗೆ? ನಾನು ಜಗಲಿ ಹತ್ತಿ ನಿಂತೆ. ಅವಳು ಬೀದಿಯಲ್ಲಿ ನಿಂತು, ಸೊಂಟದ ಎತ್ತರಕ್ಕೆ ಸಿಕ್ಕ ನನ್ನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಎದುರುಮನೆಯವರು ಮೊಬೈಲಿನಲ್ಲಿ ಹಿಡಿದುಕೊಂಡಿರಬೇಕು. ಆಮೇಲೆ ನಾನು ಇಳಿದು ಕೂತೆ, ಅವಳು ಹತ್ತಿ ಕೂತಳು.

ಆ ಪಾದ ನನ್ನ ಅಂಗೈಯಲ್ಲಿ ಬಿಸಿಯಾಗಿ, ಭಾರವಾಗಿ ಇತ್ತು. ಹಿಮ್ಮಡಿ ಒಡೆದು ಗೆರೆಗೆರೆಯಾಗಿತ್ತು. ಮೊದಲ ಉಗುರು ಕಡಲೇಕಾಯಿ ಸಿಪ್ಪೆಯ ಹಾಗೆ ಟಪ್ಪೆಂದು ಮುರಿದು ನನ್ನ ಕನ್ನಡಕಕ್ಕೆ ಬಡಿಯಿತು. ಹೆಂಗಸೊಬ್ಬಳ ಕಾಲನ್ನು ಇಷ್ಟು ಹತ್ತಿರದಿಂದ ನಾನು ನೋಡುತ್ತಿದ್ದದ್ದು ಅದೇ ಮೊದಲು. ಮೂವತ್ತಮೂರು ವರ್ಷ ಜೊತೆಗಿದ್ದವಳ ಕಾಲನ್ನೂ ಹೀಗೆ ನೋಡಿರಲಿಲ್ಲ. ಕಣ್ಣು ತುಂಬಿ ಬಂತು.

“ಯಾಕ್ ಸೋಮಿ, ಉಗುರು ಕಣ್ಗೆ ಸಿಡೀತಾ?”

“ಹೂಂ ಕಣಮ್ಮ” ಎಂದೆ.

ಅಂದು ಮಧ್ಯಾಹ್ನ ಹೊಟ್ಟೆ ತುಂಬ ಉಂಡು ಎರಡು ಗಂಟೆ ನಿದ್ದೆ ಮಾಡಿದೆ. ಎಂಟು ತಿಂಗಳಲ್ಲಿ ಅಂಥ ನಿದ್ದೆ ಬಂದಿರಲಿಲ್ಲ.

ಮರುದಿನ ಹನುಮಕ್ಕನ ಸೊಸೆ ಸೆರಗು ಬಿಗಿದುಕೊಂಡು ಬಂದಳು. “ಶುಕ್ರವಾರ ಉಗುರು ತೆಗ್ದು ನಮ್ಮನೆ ಲಕ್ಷ್ಮೀನ ಓಡ್ಸಿಬುಟ್ರಲ್ಲ ಸೋಮಿ! ನೆನ್ನೆನೇ ಮೊಟ್ಟೆ ಇಕ್ಕೋ ಕೋಳಿ ನಾಯಿ ಪಾಲಾಯ್ತು. ಅಯ್ನೋರಾಗಿ ನಿಮಗೆ ವಾರ ತಿಳಿಯಕ್ಕಿಲ್ವಾ?”

ನಿಜವಾಗಿ ನನಗೆ ತಿಳಿದಿರಲಿಲ್ಲ. ಮಂಗಳ ಇದ್ದಾಗ ಅಡುಗೆಮನೆಯ ವಾಸನೆಯಿಂದಲೇ ವಾರ ಗೊತ್ತಾಗುತ್ತಿತ್ತು. ಅವಳು ಹೋದ ಮೇಲೆ ಎಲ್ಲ ವಾರವೂ ಒಂದೇ ಆಗಿತ್ತು. ತಪ್ಪಾಯಿತಮ್ಮ ಎಂದು ಕೈಮುಗಿದೆ. ಅವಳು ಬೈದು ಮುಗಿಸಿ ನಾಲ್ಕು ಹೆಜ್ಜೆ ಹೋದವಳು ತಿರುಗಿ ಬಂದು, ದನಿ ತಗ್ಗಿಸಿ, “ನಮ್ಮವ್ವಂಗೂ ಇಂಗೇ ಆಗೈತೆ ಸೋಮಿ. ಬುಧವಾರ ಕರ್ಕಂಬರ್ಲಾ?” ಎಂದಳು.

ಹೀಗೆ ನನ್ನ ಅಂಗಡಿ ಶುರುವಾಯಿತು. ಆಸ್ಪತ್ರೆಯ ನರ್ಸಮ್ಮ ಒಬ್ಬರು ನನಗೆ ಅರ್ಧ ಗಂಟೆ ಪಾಠ ಮಾಡಿದರು. ಬೆಚ್ಚಗಿನ ನೀರಲ್ಲಿ ತೊಳೆಯಿರಿ, ಬೆರಳಸಂದು ಒರೆಸಿ, ನೇರವಾಗಿ ಕತ್ತರಿಸಿ, ಮೂಲೆ ಅಗೆಯಬೇಡಿ. ಸಕ್ಕರೆ ಕಾಯಿಲೆಯವರಿಗೆ ಗಾಯ ಕಂಡರೆ ನೀವು ಡಾಕ್ಟರಾಗಬೇಡಿ, ನಮ್ಮ ಹತ್ತಿರ ಕಳಿಸಿ. ಮಧುಗಿರಿಯಲ್ಲಿ ಭಾನುವಾರ, ಬುಧವಾರ, ಗುರುವಾರ ಎಂದು ಗೊತ್ತು ಮಾಡಿಕೊಂಡೆ. ಎಲ್ಲರೂ ಮೊದಲು ನನ್ನ ಕಾಲು ಮುಟ್ಟುತ್ತಾರೆ, ಆಮೇಲೆ ನಾನು ಅವರದು ಮುಟ್ಟುತ್ತೇನೆ. ಪಾಪ ಪುಣ್ಯ ಸ್ಥಳದಲ್ಲೇ ಚುಕ್ತಾ.

ಶುಕ್ರವಾರದ ಸಮಸ್ಯೆ ಬಗೆಹರಿಸಿದವರು ಶಿರಾದ ಖಾದರ್ ಸಾಬರು. ಮಸೀದಿಯ ಹತ್ತಿರ ಹಳೇ ದರ್ಜಿ. ಸರ್ವಿಸ್ಸಿನಲ್ಲಿದ್ದಾಗ ನನ್ನ ಪ್ಯಾಂಟುಗಳನ್ನೆಲ್ಲ ಹೊಲಿದವರು. ಹೊಲಿಗೆ ಯಂತ್ರ ತುಳಿದು ತುಳಿದು ಅವರ ಮಂಡಿ ಈಗ ಮಡಚುವುದಿಲ್ಲ.

“ಆವೋ ಅಯ್ನೋರೆ, ಬೈಠೋ. ಜುಮ್ಮಾ ದಿವ್ಸ ಉಗುರು ತೆಗೆದ್ರೆ ನಮಗೆ ಸವಾಬು, ಪುಣ್ಯ. ನಿಮಗೆ ಯಾಕೆ ಬ್ಯಾಡ?”

“ಲಕ್ಷ್ಮಿ ಓಡಿಹೋಗ್ತಾಳಂತೆ ಸಾಬ್ರೆ.”

“ಓಡಿ ಎಲ್ಲಿಗ್ ಹೋಗ್ತಾಳೆ? ಶಿರಾಕ್ಕೆ ಬರ್ತಾಳೆ. ಬರ್ಲಿ ಬುಡಿ, ನಮ್ ಅಂಗ್ಡೀನೂ ಖಾಲಿ ಐತೆ!”

ಅಂದಿನಿಂದ ಶುಕ್ರವಾರ ಬೆಳಿಗ್ಗೆ ಶಿರಾ. ನಮಾಜಿಗೆ ಮೊದಲು ನಾಲ್ಕೈದು ಮುದುಕರು ಬೆಂಚಿನ ಮೇಲೆ ಸಾಲಾಗಿ ಕಾಲು ಚಾಚಿ ಕೂತಿರುತ್ತಾರೆ. ಮಧುಗಿರಿಯಲ್ಲಿ ದರಿದ್ರ ತರುವ ಕೆಲಸ ಒಂದು ಗಂಟೆ ಬಸ್ಸಿನಲ್ಲಿ ಕೂತರೆ ಪುಣ್ಯದ ಕೆಲಸವಾಗುತ್ತದೆ. ಎಷ್ಟು ಅಗ್ಗದ ಟಿಕೆಟ್ಟು!

ಎಲ್ಲರೂ ಹೊಗಳುತ್ತಾರೆ ಅಂದುಕೊಳ್ಳಬೇಡಿ. ಯಾರಾದರೂ ಕರೆದರೆ ಆಗೀಗ ಪಾವಗಡದ ಕಡೆಗೂ ಹೋಗುತ್ತೇನೆ. ಅಲ್ಲಿ ವೈ.ಎನ್.ಹೊಸಕೋಟೆಯಲ್ಲಿ ಒಬ್ಬ ಮುದುಕ ಕಾಲು ಚಾಚಿದವನೇ ನನ್ನ ಮುಖ ಗುರುತು ಹಿಡಿದ. “ಆ ಪೊದ್ದು ನಾ ಗಟ್ಟು ವಂಕರಗಾ ಕೊಲಿಸ್ತಿವಿ, ಈ ಪೊದ್ದು ಗೋರ್ಲನ್ನಾ ಸಕ್ಕಂಗಾ ಕೊಯ್ಯಿ ಸಾಮಿ” ಎಂದ. ಅಂದು ನನ್ನ ಬದು ಸೊಟ್ಟಗೆ ಅಳೆದೆ, ಇಂದು ಉಗುರನ್ನಾದರೂ ನೆಟ್ಟಗೆ ಕತ್ತರಿಸು ಎಂದರ್ಥ. ನಾನು ತಲೆ ತಗ್ಗಿಸಿ ನೆಟ್ಟಗೆ ಕತ್ತರಿಸಿದೆ. ಆ ಬದು ಸೊಟ್ಟಗಿದ್ದದ್ದು ನಿಜ.

ಇಷ್ಟೆಲ್ಲ ಮಾಡಿದರೂ ರಾತ್ರಿ ಮಲಗಿದಾಗ ಮಂಗಳನ ಕಾಲು ಹೇಗಿತ್ತು ಎಂದು ನೆನಪಿಸಿಕೊಳ್ಳಲು ನೋಡುತ್ತೇನೆ. ಬರುವುದಿಲ್ಲ. ನೂರಾರು ಕಾಲು ಗೊತ್ತು, ಅವಳದೊಂದು ಗೊತ್ತಿಲ್ಲ.

ಕಳೆದ ತಿಂಗಳು ಒಂದು ಮಂಗಳವಾರ ಗೌರಕ್ಕ ಕೊರಟಗೆರೆಯಿಂದ ಬಂದಿಳಿದಳು. ಎಪ್ಪತ್ತನಾಲ್ಕರ ಹೆಂಗಸು, ಬಾಯಿಗೆ ಇನ್ನೂ ಇಪ್ಪತ್ತೈದು. ಒಂದು ವರ್ಷದಿಂದ ಫೋನಿನಲ್ಲಿ ಬೈದು ಸಾಕಾಗಿ ಖುದ್ದಾಗಿ ಬೈಯಲು ಬಂದಿದ್ದಳು.

“ಲೋ ನಂಜುಂಡ, ಪಾದಪೂಜೆ ಮಾಡಿಸ್ಕೊಳ್ಳೋ ವಂಶ ಕಣೋ ನಮ್ದು! ಅಪ್ಪನ ಹೆಸ್ರು ಏನಾಗ್ಬೇಕು? ಕಂಡ್ ಕಂಡೋರ ಕಾಲು ಹಿಡ್ಕೊಂಡು ಊರೂರು ತಿರುಗ್ತೀಯಂತೆ. ನಿಂಗೇನು ತಲೆ ಕೆಟ್ಟಿದೆಯೇನೋ?”

ನಾನು ಅವಳ ಮಾತು ಕೇಳುತ್ತಿರಲಿಲ್ಲ, ಅವಳು ನಡೆದು ಬಂದ ರೀತಿ ನೋಡುತ್ತಿದ್ದೆ. ಎಡಗಾಲು ಊರುತ್ತಿರಲಿಲ್ಲ. ಕೂತ ಕೂಡಲೇ ಸೀರೆ ಎಳೆದು ಪಾದ ಮುಚ್ಚಿಕೊಂಡಳು. ಅವಳಿಗೂ ಸಕ್ಕರೆ.

“ಅಕ್ಕ, ಕಾಲು ತೋರ್ಸು.”

“ಏನೂ ಇಲ್ಲ ಹೋಗೋ. ಇವತ್ತು ಮಂಗಳವಾರ ಬೇರೆ.”

“ಅದಕ್ಕೇ ಪುರುಸೊತ್ತಾಗಿದ್ದೀನಿ. ಇವತ್ತು ಗಿರಾಕಿ ಬರಲ್ಲ.”

“ಥೂ, ದೂರ ಇರು!”

ಬಲವಂತಕ್ಕೆ ಬಗ್ಗುವವಳಲ್ಲ. ನಾನು ಒಳಗೆ ಹೋಗಿ ಎರಡು ನಿಮಿಷ ಕೂತು ಯೋಚಿಸಿದೆ. ಹೊರಗೆ ಬಂದು ಕೈಮುಗಿದು, “ಆಗ್ಲಿ ಅಕ್ಕ, ನನ್ನಿಂದ ತಪ್ಪಾಯ್ತು. ಆಶೀರ್ವಾದ ಮಾಡು” ಎಂದು ಅಡ್ಡಬಿದ್ದೆ. ನಮ್ಮ ಕಡೆ ಯಾವ ಹಿರಿಯರೂ ತಮ್ಮನ ನಮಸ್ಕಾರ ಬೇಡ ಎನ್ನುವುದಿಲ್ಲ. ಗೆದ್ದ ಖುಷಿಯಲ್ಲಿ ಅವಳು ಅಭ್ಯಾಸದಂತೆ ಎರಡೂ ಪಾದ ಜೋಡಿಸಿ ಮುಂದಕ್ಕಿಟ್ಟು, “ನೂರ್ ವರ್ಷ ಬಾಳಪ್ಪ” ಎಂದಳು. ನಾನು ಪಾದ ಹಿಡಿದುಕೊಂಡೆ, ಬಿಡಲಿಲ್ಲ. “ಲೋ ಮುಂಡೇದೆ, ಮೋಸ!” ಎಂದು ತಲೆಯ ಮೇಲೆ ಗುದ್ದಿದಳು. ಗುದ್ದಲಿ ಎಂದು ಹಿಡಿದೇ ಇದ್ದೆ.

ಎಡಗಾಲ ಹೆಬ್ಬೆರಳ ಕೆಳಗೆ ಕಡಲೇಬೀಜದಷ್ಟು ಗಾಯ, ಅಂಚು ಕಪ್ಪಾಗಿತ್ತು. ಮೇಲೆ ದಪ್ಪಗೆ ಅರಿಶಿನ.

ಆಟೋ ಕರೆಸಿ ಅವಳನ್ನು ಬೈಗುಳದ ಸಮೇತ ಆಸ್ಪತ್ರೆಗೆ ಒಯ್ದೆ. ಡಾಕ್ಟರು ಶುದ್ಧಮಾಡಿ ಕಟ್ಟಿ, “ಇನ್ನು ಹತ್ತು ದಿನ ಬಿಟ್ಟಿದ್ರೆ ಬೆರಳು ತೆಗೀಬೇಕಾಗ್ತಿತ್ತು. ಒಳ್ಳೇ ಟೈಮಿಗೆ ಬಂದ್ರಿ” ಎಂದರು. ಮನೆಗೆ ಬಂದು ಅವಳನ್ನು ಮಂಚದ ಮೇಲೆ ಕೂರಿಸಿ, ಕಟ್ಟು ಹಾಕಿದ ಕಾಲಿನ ಕೆಳಗೆ ದಿಂಬು ಇಟ್ಟೆ. ಗೌರಕ್ಕ ಗೋಡೆ ನೋಡುತ್ತಾ ಹೇಳಿದಳು.

“ಮಂಗಳ ನಂಗೆ ತೋರ್ಸಿದ್ಲು ಕಣೋ.”

“ಏನು?”

“ಕಾಲು. ಆ ವರ್ಷ ಕಾರಹುಣ್ಣಿಮೆಗೆ ಬಂದಿದ್ನಲ್ಲ, ಆವಾಗ. ‘ಅಕ್ಕ, ಬೆರಳು ಕೀವಾಗಿದೆ, ಇವರಿಗೆ ಹೇಳ್ಲಾ’ ಅಂತ ಕೇಳಿದ್ಲು. ನಾನೇ ಬ್ಯಾಡ ಅಂದೆ. ಅರಿಶಿನ ಹಚ್ಚು ಸಾಕು, ಗಂಡನಿಗೆ ಕಾಲು ತೋರಿಸ್ತಾರೇನೇ ಅಂತ ಬೈದೆ. ನನ್ ಮಾತು ಕೇಳಿದ್ಲು. ನೀನು ಕಾಲು ಹಿಡೀತೀಯ ಅಂತ ಯಾರಾದ್ರೂ ಹೇಳಿದಾಗೆಲ್ಲ ಅವಳ ಬೆರಳೇ ಕಣ್ಣಿಗೆ ಬರೋದು. ಅದಕ್ಕೇ ಬೈತಿದ್ದೆ. ನನ್ ಕಾಲು ಕೊಳೆತ್ರೂ ಕೊಳೀಲಿ, ಅಷ್ಟು ಆಗ್ಲೇಬೇಕು ನಂಗೆ ಅಂತ ಸುಮ್ನಿದ್ದೆ.”

ನನಗೆ ಸಿಟ್ಟು ಬಂತು. ಸುಳ್ಳೇಕೆ ಹೇಳಲಿ, ಆ ಕ್ಷಣ ಅವಳನ್ನು ಎತ್ತಿಕೊಂಡು ಹೋಗಿ ಕೊರಟಗೆರೆ ಬಸ್ಸಿಗೆ ಹಾಕಿ ಬರಬೇಕು ಅನ್ನಿಸುವಷ್ಟು ಸಿಟ್ಟು. ಎದ್ದು ಅಂಗಳಕ್ಕೆ ಹೋದೆ. ಕೊಳಾಯಿ ತಿರುಗಿಸಿ ಮುಖ ತೊಳೆದುಕೊಂಡೆ, ಮತ್ತೆ ತೊಳೆದುಕೊಂಡೆ. ಎರಡು ವರ್ಷ ನಾನೊಬ್ಬನೇ ಹೊತ್ತಿದ್ದೇನೆ ಅಂದುಕೊಂಡಿದ್ದ ಹೊರೆಯನ್ನು ಕೊರಟಗೆರೆಯಲ್ಲಿ ಇವಳೂ ಒಬ್ಬಳೇ ಹೊತ್ತಿದ್ದಳು. ಮೂವತ್ತಮೂರು ವರ್ಷ ಪೇಪರ್ ಓದಿದವನು ನಾನು. ಒಂದು ಸಲ ಬಾಯಿ ತಪ್ಪಿದವಳು ಅವಳು. ಯಾರು ಯಾರನ್ನು ಬೈಯುವುದು?

ಚೊಂಬಿನಲ್ಲಿ ಬೆಚ್ಚಗಿನ ನೀರು, ಒಂದು ಟವೆಲ್ಲು ಹಿಡಿದು ಒಳಗೆ ಬಂದೆ. ಗೌರಕ್ಕ ಗಾಯವಿಲ್ಲದ ಬಲಗಾಲನ್ನು ಸೀರೆಯೊಳಗೆ ಸೇರಿಸಿಕೊಂಡು, ಸೆರಗಿನಲ್ಲಿ ಮುಖ ಮುಚ್ಚಿ ಅಳುತ್ತಿದ್ದಳು. ನಾನು ಮಂಚದ ಕೆಳಗೆ ನೆಲದ ಮೇಲೆ ಕೂತು ಕೈ ಚಾಚಿದೆ.

“ಆ ಇನ್ನೊಂದು ಕಾಲು ಕೊಡಕ್ಕ” ಎಂದೆ.